ಒಂದು ಡಿಗ್ರಿಗೆ ಒಂದು ಪೌಂಡ್

ಹನ್ನೊಂದು ವರ್ಷ ಅವಳು ಪೈಪುಗಳ ಕೆಳಗೆ ತೆವಳಿದ್ದಳು. ಒಂದು ಕೈಯಲ್ಲಿ ಸೋಪುನೀರಿನ ಬಕೆಟ್ಟು, ಇನ್ನೊಂದರಲ್ಲಿ ಬಣ್ಣ ಹೊಡೆಯುವ ಬ್ರಷ್ಷು. ಕಂಪನಿ ಕಟ್ಟಿದ ಇಪ್ಪತ್ತಾರು ಕೋಲ್ಡ್ ಸ್ಟೋರೇಜುಗಳಲ್ಲಿ ಅವಳ ಬ್ರಷ್ಷು ಮುಟ್ಟದ ಬೆಸುಗೆ ಒಂದೂ ಇರಲಿಲ್ಲ. ಪೈಪಿನಲ್ಲಿ ಎಲ್ಲಿ ಸೋರುತ್ತದೆ ಎಂದು ಹುಡುಕಿ ಹೇಳುವವಳು ಅವಳು. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ‘ಸ್ವಚ್ಛತೆ’. ನೆಲ ಒರೆಸುವವಳು ಅಂತ.

ಎಲ್ಲರೂ ಅವಳನ್ನು ನೊರೆಯಕ್ಕ ಎನ್ನುತ್ತಿದ್ದರು. ಮೊದಮೊದಲು ಗೇಲಿಗೆ, ಆಮೇಲೆ ರೂಢಿಗೆ. ಅವಳು ಸಣಕಲು. ಗಂಡಸರು ತೂರಲಾಗದ ಸಂದಿಗೆ ಅವಳು ತೂರುತ್ತಿದ್ದಳು. ಅದಕ್ಕೇ ಅವಳನ್ನು ಇಟ್ಟುಕೊಂಡಿದ್ದರು. ಬೆಸುಗೆಗೆ ಸೋಪುನೀರು ಬಳಿಯಬೇಕು, ಉಸಿರು ಬಿಗಿಹಿಡಿದು ನೋಡಬೇಕು. ಸೋರುತ್ತಿದ್ದರೆ ಗುಳ್ಳೆ ಏಳುತ್ತದೆ. ದೊಡ್ಡ ಸೋರಿಕೆಯಾದರೆ ಯಾರಿಗಾದರೂ ಕಾಣುತ್ತದೆ. ಸಣ್ಣದು ಸುಲಭಕ್ಕೆ ಕಾಣುವುದಿಲ್ಲ. ಒಂದು ನಿಮಿಷ ಕಣ್ಣು ಮಿಟುಕಿಸದೆ ಕಾದರೆ ಎಲ್ಲೋ ಒಂದು ಗುಳ್ಳೆ ಕಣ್ಣು ಬಿಡುತ್ತದೆ. ಆ ಒಂದು ನಿಮಿಷದ ತಾಳ್ಮೆ ಕಂಪನಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಒತ್ತಡ ತೋರಿಸುವ ಗೇಜನ್ನು ಮಾತ್ರ ಅವಳು ಮುಟ್ಟುವಂತಿರಲಿಲ್ಲ. ಅದು ಸರ್ಟಿಫಿಕೇಟು ಇದ್ದವರ ಸೊತ್ತು. ಒದ್ದೆ ಬಟ್ಟೆಯವಳು ಅಂತ ಕಂಟ್ರೋಲ್ ರೂಮಿನೊಳಗೂ ಬಿಡುತ್ತಿರಲಿಲ್ಲ. ಮೂರು ಸಲ ಅವಳು ಬಾಯಿಬಿಟ್ಟು ಕೇಳಿದ್ದಳು, ಟೆಸ್ಟ್ ಪುಸ್ತಕದಲ್ಲಿ ‘ಪರೀಕ್ಷೆ ಮಾಡಿದವರು’ ಅನ್ನುವ ಜಾಗದಲ್ಲಿ ನನ್ನ ಹೆಸರು ಬರೀರಿ ಅಂತ. ಮೂರನೇ ಸಲ ಮ್ಯಾನೇಜರ್ ನಕ್ಕುಬಿಟ್ಟ.

“ಬ್ರಷ್ಷು ಹಿಡಿದವರೆಲ್ಲ ಟೆಸ್ಟರ್ ಆದ್ರೆ ನಮ್ಮನೆ ಗೋಡೆಗೆ ಬಣ್ಣ ಹೊಡಿಯೋನೂ ಟೆಸ್ಟರ್ರೇ ಕಣಮ್ಮ.”

ಸುತ್ತ ನಿಂತವರೆಲ್ಲ ನಕ್ಕರು. ಪಕ್ಕದಲ್ಲಿ ನಿಂತಿದ್ದ ಸೂಪರ್‌ವೈಸರ್ ಕೂಡ ನಕ್ಕ.

ಆ ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ.

ಅಪ್ಪ ಅಮ್ಮ ಹೋದಾಗ ಅವನಿಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಅವಳು ಮದುವೆಯ ಮಾತೇ ಎತ್ತಲಿಲ್ಲ. ಕಂಡವರ ಮನೆಯ ಪಾತ್ರೆ ತಿಕ್ಕಿ ಅವನನ್ನು ಓದಿಸಿದಳು, ತರಬೇತಿ ಶಾಲೆಗೆ ಕಳಿಸಿದಳು. ಸರ್ಟಿಫಿಕೇಟು ಬಂದ ದಿನ ತಾನೇ ಅವನನ್ನು ಕರೆದುಕೊಂಡು ಕಂಪನಿಗೆ ಹೋಗಿ, ಹಳೇ ಫಿಟ್ಟರ್ ಮುಂದೆ ಕೈಮುಗಿದು ಕೆಲಸ ಕೊಡಿಸಿದಳು. ಶಾಲೆಯಲ್ಲಿ ಹೇಳಿಕೊಡದ್ದನ್ನು ಮನೆಯಲ್ಲಿ, ಊಟಕ್ಕೆ ಕೂತಾಗ, ಅವಳೇ ಹೇಳಿಕೊಟ್ಟಳು. ಹಳೇ ಫಿಟ್ಟರ್ ಅವಳಿಗೆ ಹೇಳಿಕೊಟ್ಟದ್ದು ಅದು.

“ಪೈಪಿಗೆ ಮುನ್ನೂರು ಪೌಂಡ್ ಒತ್ತಡಕ್ಕೆ ಗಾಳಿ ತುಂಬಿ ಬಿಟ್ಟೆ ಅಂತಿಟ್ಕೋ. ರಾತ್ರಿ ತಣ್ಣಗಾದ್ರೆ ಗೇಜು ಇಳಿಯುತ್ತೆ. ಅದು ಸೋರಿದ್ದಲ್ಲ, ಒಳಗಿನ ಗಾಳಿ ಮುದುರಿಕೊಂಡಿದ್ದು. ಎಷ್ಟು ಇಳಿಯುತ್ತೆ?”

“ಒಂದು ಡಿಗ್ರಿಗೆ ಒಂದು ಪೌಂಡ್.”

“ಅದಕ್ಕಿಂತ ಜಾಸ್ತಿ ಇಳಿದ್ರೆ?”

“ತೂತು.”

“ಉಣ್ಣು ಈಗ.”

ಅವನು ನಕ್ಕ ದಿನವೂ ಅವಳು ಅವನ ಪರವಾಗಿಯೇ ಯೋಚಿಸಿದಳು. ಪಾಪ, ಮ್ಯಾನೇಜರ್ ನಗುವಾಗ ಇವನು ನಗದಿದ್ದರೆ ಆದೀತೇ ಅಂದುಕೊಂಡಳು. ಅಕ್ಕಂದಿರಿಗೆ ಇದೊಂದು ರೋಗ.

ತಂಪು ಮಾಡಲು ಈ ಪೈಪುಗಳಲ್ಲಿ ಹರಿಯುವ ಅಮೋನಿಯಾ ಏನು ಅಂತ ಅಕ್ಕ ತಮ್ಮ ಇಬ್ಬರಿಗೂ ಗೊತ್ತಿತ್ತು. ಆರು ವರ್ಷದ ಹಿಂದೆ ಬೇರೊಂದು ಪ್ಲಾಂಟಿನಲ್ಲಿ ವಾಲ್ವಿನ ಕತ್ತು ಸಡಿಲವಾಗಿ ಗ್ಯಾಸು ನುಗ್ಗಿತು. ಅವಳು ನೆಲಕ್ಕೆ ಮುಖ ಒತ್ತಿ ತೆವಳಿಕೊಂಡು ಹೊರಬಿದ್ದಳು. ಹದಿನೇಳು ದಿನ ಆಸ್ಪತ್ರೆ. ಕಣ್ಣು ಉಳಿಯಿತು, ಗಂಟಲು ಉಳಿಯಲಿಲ್ಲ. ಅಂದಿನಿಂದ ಅವಳ ಮಾತು ಹರಿದ ಬಟ್ಟೆ ಎಳೆದ ಹಾಗೆ ಬರುತ್ತಿತ್ತು, ನಾಲ್ಕು ಅಡಿ ದಾಟುತ್ತಿರಲಿಲ್ಲ. ಆ ಹದಿನೇಳು ದಿನವೂ ತಮ್ಮ ಅವಳ ತಲೆದೆಸೆಯಲ್ಲಿ ಕೂತು ಕಣ್ಣಿಗೆ ಒದ್ದೆ ಬಟ್ಟೆ ಇಟ್ಟಿದ್ದ. ಕಂಪನಿಯ ವರದಿಯಲ್ಲಿ ‘ತಂತ್ರಜ್ಞರಿಗೆ ಯಾವುದೇ ಹಾನಿ ಇಲ್ಲ’ ಅಂತ ಬಂತು. ಅದೂ ಸುಳ್ಳಲ್ಲ ಬಿಡಿ. ಅವಳು ತಂತ್ರಜ್ಞೆ ಅಂತ ಎಲ್ಲೂ ಬರೆದಿರಲಿಲ್ಲವಲ್ಲ.

ಇಪ್ಪತ್ತೇಳನೆಯ ಪ್ಲಾಂಟು ತರಕಾರಿಯದು. ಬಟಾಣಿ ಸುಲಿದು, ಬೀನ್ಸು ಹೆಚ್ಚಿ, ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ ಚೀಲಕ್ಕೆ ತುಂಬುವುದು. ಹೆಚ್ಚುವ ಹಾಲ್‌ನಲ್ಲಿ ಮೂವತ್ತೆರಡು ಹೆಂಗಸರು ಕೆಲಸಕ್ಕೆ ಸೇರಿದ್ದರು. ಅಮೋನಿಯಾ ಹರಿಯುವ ಪೈಪು ಅದೇ ಹಾಲ್‌ನ ಚಾವಣಿಯ ಮೇಲೆ ಹಾದು ತಣ್ಣನೆಯ ಕೋಣೆಗಳಿಗೆ ಹೋಗುತ್ತಿತ್ತು. ಹಾಲ್‌ಗೆ ಎರಡು ಬಾಗಿಲು. ಹಿಂದಿನದಕ್ಕೆ ಹೊರಗಿನಿಂದ ಅಗುಳಿ. ಹೆಂಗಸರು ತರಕಾರಿ ಕದ್ದುಕೊಂಡು ಹೋಗುತ್ತಾರೆ ಅಂತ. ಕಣ್ಣಿಗೆ ಗ್ಯಾಸು ತಗುಲಿದರೆ ತೊಳೆದುಕೊಳ್ಳಲು ಗೋಡೆಗೊಂದು ನಲ್ಲಿ ಕೂರಿಸಿದ್ದರು. ನೊರೆಯಕ್ಕ ತಿರುಗಿಸಿ ನೋಡಿದಳು. ನೀರಿನ ಸಂಪರ್ಕವೇ ಇರಲಿಲ್ಲ.

ಉದ್ಘಾಟನೆಯ ಕಾರ್ಡು ಅಚ್ಚಾಗಿತ್ತು. ಕಾರ್ಡು ಅಚ್ಚಾದ ಮೇಲೆ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ. ಬೆಸುಗೆಗಳ ಪರೀಕ್ಷೆ ಆಗುವ ಮೊದಲೇ ಪೈಪಿಗೆಲ್ಲ ಥರ್ಮಾಕೋಲ್ ಹೊದಿಕೆ ಸುತ್ತಿ, ಮೇಲೆ ತಗಡು ಬಡಿದುಬಿಟ್ಟಿದ್ದರು. ಹೊದಿಕೆಯವನಿಗೆ ಬೇರೆ ಕಡೆ ಹೋಗಬೇಕಿತ್ತಂತೆ.

“ಬೆತ್ತಲೆ ಪೈಪಿಗೆ ಸೋಪು ಹಚ್ಚಬೇಕು ಕಣೋ. ಹೊದಿಕೆ ಮೇಲೆ ಹಚ್ಚಿ ಏನು ನೋಡ್ಲಿ?” ಅಂದಳು ತಮ್ಮನಿಗೆ.

“ಗೊತ್ತು ಅಕ್ಕ. ಗೇಜು ನಿಂತ್ರೆ ಸಾಕಲ್ವಾ? ಗೇಜು ಸುಳ್ಳು ಹೇಳಲ್ಲ ಅಂತ ನೀನೇ ಹೇಳ್ತಿದ್ದೆ.”

ಆ ಮಾತು ನಿಜ, ಅವಳೇ ಹೇಳುತ್ತಿದ್ದಳು.

ಗಾಳಿ ತುಂಬುವ ಕೆಲಸ ಮಾತ್ರ ಸರಿಯಾಗಿಯೇ ಆಯಿತು. ಕಂಪ್ರೆಸರನ್ನು ವಾಲ್ವು ಮುಚ್ಚಿ ಬೇರೆ ಮಾಡಿದರು. ಹಾಲ್‌ನಲ್ಲಿ ಮೇಜು ತೊಳೆಯುತ್ತಿದ್ದ ಹೆಂಗಸರನ್ನು ಹೊರಗೆ ಕಳಿಸಿದರು. ನೈಟ್ರೋಜನ್ ಸಿಲಿಂಡರಿನಿಂದ ಸ್ವಲ್ಪ ಸ್ವಲ್ಪವೇ ಬಿಟ್ಟರು. ಐವತ್ತಕ್ಕೆ ನಿಲ್ಲಿಸಿ ಕಿವಿಗೊಟ್ಟರು. ನೂರೈವತ್ತಕ್ಕೆ ನಿಲ್ಲಿಸಿದರು. ಅವಳು ಯಂತ್ರದ ಕೋಣೆಯ ಬೆಸುಗೆಗಳಿಗೆಲ್ಲ ಸೋಪು ಹಚ್ಚಿ ಬಂದು ಕೈಯಾಡಿಸಿ ಸನ್ನೆ ಮಾಡಿದಳು. ಆಮೇಲೆ ಮುನ್ನೂರು. ಸಂಜೆ ನಾಲ್ಕು ಗಂಟೆ. ಗೋಡೆಯ ಥರ್ಮಾಮೀಟರು ಮೂವತ್ತೆರಡು ಡಿಗ್ರಿ ತೋರಿಸುತ್ತಿತ್ತು. ಸಿಲಿಂಡರಿನ ಕೊಳವೆ ಬಿಚ್ಚಿಟ್ಟು, ಎಲ್ಲ ಹಾಗೇ ಬಿಟ್ಟು ಮನೆಗೆ ಹೋದರು. ಒಂದು ದಿನ ಪೂರ್ತಿ ಮುಟ್ಟಬಾರದು. ಅದು ನಿಯಮ.

ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಥರ್ಮಾಮೀಟರು ಇಪ್ಪತ್ತೆರಡು. ಗೇಜು ಇನ್ನೂರ ಎಂಬತ್ತು.

ಹತ್ತು ಡಿಗ್ರಿ ಇಳಿದಿದೆ. ಹತ್ತು ಪೌಂಡು ಚಳಿ ತಿಂದಿದೆ. ಇನ್ನು ಹತ್ತು ಎಲ್ಲಿ ಹೋಯಿತು? ಅವಳಿಗೆ ಗೇಜಿನ ಹತ್ತಿರ ಹೋಗುವ ಅಗತ್ಯವೇ ಬೀಳಲಿಲ್ಲ, ಬಾಗಿಲಲ್ಲಿ ನಿಂತೇ ಲೆಕ್ಕ ಸಿಕ್ಕಿತು. ತಮ್ಮನೂ ನೋಡಿದ. ಅವನ ತುಟಿ ಅಲುಗಿದ್ದು ಅವಳಿಗೆ ಕಾಣಿಸಿತು. ಅವನೂ ಕಳೆದು ನೋಡುತ್ತಿದ್ದ.

ಮ್ಯಾನೇಜರ್ ಬಂದ. “ಏನಯ್ಯಾ, ಇಳಿದಿದೆಯಲ್ಲ?”

“ರಾತ್ರಿ ಚಳಿ ಸಾರ್. ಚಳಿಗೆ ಇಳಿಯುತ್ತೆ.”

“ಏನೂ ತೊಂದ್ರೆ ಇಲ್ವಲ್ಲ?”

“ಇಲ್ಲ ಸಾರ್.”

ಮ್ಯಾನೇಜರ್ ಅತ್ತ ಹೋದ ಮೇಲೆ ಅವಳು ತಮ್ಮನ ತೋಳು ಹಿಡಿದಳು. ಅವನು ಮೆಲ್ಲಗೆ ಹೇಳಿದ, “ಅವನ ಮುಂದೆ ಹಂಗಂದೆ ಅಕ್ಕ. ಇಲ್ಲಾಂದ್ರೆ ಎಲ್ಲರ ಮುಂದೆ ಕೂಗಾಡ್ತಾನೆ. ನೀನು ಹುಡುಕು. ಸಿಕ್ಕಿದ್ರೆ ಸಾಯಂಕಾಲದೊಳಗೆ ಸರಿ ಮಾಡಿಸಿಬಿಡ್ತೀನಿ. ನನ್ನಾಣೆ.”

ಅವಳು ಹುಡುಕಿದಳು. ಯಂತ್ರದ ಕೋಣೆಯಲ್ಲಿ ಒಂದೂ ಇಲ್ಲ. ತಣ್ಣನೆಯ ಕೋಣೆಗಳಲ್ಲಿ ಒಂದೂ ಇಲ್ಲ. ಉಳಿದದ್ದು ಹಾಲ್‌ನ ಚಾವಣಿಯ ಮೇಲಿನ ಹೊದಿಕೆ ಸುತ್ತಿದ ಪೈಪು. ಏಣಿ ಹಾಕಿ ಚಾವಣಿಯ ಸಂದಿಗೆ ತೂರಿದಳು. ಒಂದೂವರೆ ಅಡಿ ಎತ್ತರದ ಜಾಗ. ತಲೆ ಎತ್ತಿದರೆ ತಗಡು, ಇಳಿಸಿದರೆ ಕಬ್ಬಿಣದ ಕಂಬಿ. ಹೊಟ್ಟೆಯ ಮೇಲೆ ಮಲಗಿ ಒಂದೊಂದು ಬೆಸುಗೆಯ ಹತ್ತಿರ ತಗಡು ಬಿಚ್ಚಿದಳು, ಥರ್ಮಾಕೋಲನ್ನು ಕುಯ್ದಳು. ತಗಡಿನ ಅಂಚು ಬ್ಲೇಡಿನಂತಿತ್ತು. ಮೂರನೇ ಬೆಸುಗೆಗೆ ಬರುವ ಹೊತ್ತಿಗೆ ಎರಡೂ ಅಂಗೈ ಸೀಳಿತ್ತು. ಸೋಪುನೀರು ಗಾಯಕ್ಕೆ ತಾಗಿ ಉರಿ ತಲೆಗೇರಿತು. ಬೈದುಕೊಂಡಳು. ಹೊದಿಕೆಯವನನ್ನು, ಅವನ ವಂಶವನ್ನು, ಕಾರ್ಡು ಅಚ್ಚು ಹಾಕಿದವನನ್ನು.

ಥರ್ಮಾಕೋಲಿನ ಪುಡಿ ಸಂದಿಯಿಂದ ಕೆಳಗಿನ ಹೆಂಗಸರ ತಲೆಯ ಮೇಲೆ ಬೀಳುತ್ತಿತ್ತು. ಅವರಲ್ಲಿ ಎಲ್ಲರಿಗಿಂತ ಎತ್ತರದವಳು, ಎಲ್ಲರೂ ಉದ್ದಕ್ಕ ಎನ್ನುತ್ತಿದ್ದವಳು, ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು.

“ಯಾರವ್ವಾ ಅದು? ಮಷೀನ್ ಇನ್ನೂ ಶುರುವಾಗಿಲ್ಲ, ಆಗ್ಲೇ ಹಿಮ ಸುರಿಸ್ತಿದ್ದೀಯಲ್ಲ.”

ಹೆಂಗಸರೆಲ್ಲ ನಕ್ಕರು. ನೊರೆಯಕ್ಕನಿಗೂ ನಗು ಬಂತು. ಆದರೆ ಅವಳ ಕೈಯಿಂದ ಒಂದು ಹನಿ ರಕ್ತ ಬಿಳಿ ಮೇಜಿನ ಮೇಲೆ ಬಿದ್ದಾಗ ಉದ್ದಕ್ಕ ನಗು ನಿಲ್ಲಿಸಿದಳು. ಬಂದು ಏಣಿ ಹಿಡಿದು ನಿಂತಳು. ಆಮೇಲೆ ಅವಳು ಅಲ್ಲಿಂದ ಕದಲಲಿಲ್ಲ.

ಏಳನೇ ಬೆಸುಗೆ. ಹಾಲ್‌ನ ಮೂರನೇ ಮೇಜಿನ ನೆತ್ತಿಗೆ ಸರಿಯಾಗಿ. ಸೋಪು ಹಚ್ಚಿ ಕಾದಳು. ಏನೂ ಇಲ್ಲ. ಇನ್ನೂ ಕಾದಳು. ಬೆಸುಗೆಯ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಬೆರಳಿಗೆ ಏನೋ ತಾಗಿತು. ಕೈಗನ್ನಡಿ ಹಿಡಿದು ನೋಡಿದಳು. ಸಾಸಿವೆ ಕಾಳಿನಷ್ಟು ಗುಳ್ಳೆ. ಒಡೆಯಿತು. ಮತ್ತೊಂದು ಎದ್ದಿತು.

ತಮ್ಮ ಮೇಲೆ ಬಂದ. ಕನ್ನಡಿಯಲ್ಲಿ ನೋಡಿದ. ಅಕ್ಕ ತಮ್ಮ ಇಬ್ಬರೂ ಆ ಇಕ್ಕಟ್ಟಿನಲ್ಲಿ ಪಕ್ಕಪಕ್ಕ ಮಲಗಿ ಆ ಗುಳ್ಳೆಯನ್ನು ಐದು ಸಲ ಎಣಿಸಿದರು.

“ಗಾಳಿ ಬಿಟ್ಟುಬಿಡಬೇಕು. ಉಜ್ಜಿ ಹೊಸದಾಗಿ ಬೆಸುಗೆ ಹಾಕಿಸಬೇಕು. ಆಮೇಲೆ ಮತ್ತೆ ಮುನ್ನೂರು, ಮತ್ತೆ ಒಂದು ದಿನ,” ಅಂದಳು ಅವಳು.

“ಗೊತ್ತು.”

“ಉದ್ಘಾಟನೆ ಮುಂದಕ್ಕೆ ಹೋಗುತ್ತೆ.”

“ಹೋಗ್ಲಿ ಬಿಡು. ವೆಲ್ಡರ್‌ನ ಈಗ್ಲೇ ಕರೀತೀನಿ. ನಿನ್ನ ಕೈ ನೋಡ್ಕೊಂಡಿದ್ದೀಯಾ? ಮನೆಗೆ ಹೋಗು ಅಕ್ಕ. ಔಷಧಿ ಹಚ್ಕೊಂಡು ಮಲಗು.”

ಅವಳ ಹೊಟ್ಟೆ ತಣ್ಣಗಾಯಿತು. ಕೈ ನೋಡಿದನಲ್ಲ ಅಂತ. ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ಹೋದಳು, ಹುಚ್ಚಿ. ನಂಬಿಸಿ ಕತ್ತು ಕೊಯ್ಯುವವರು ಮೊದಲು ಕತ್ತಿಗೇ ಕೈ ಹಾಕುವುದಿಲ್ಲ, ಗಾಯಕ್ಕೆ ಔಷಧಿಯ ಮಾತಾಡುತ್ತಾರೆ ಅಂತ ಅವಳಿಗೆ ಯಾರು ಹೇಳಬೇಕಿತ್ತು?

ಮರುದಿನ ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಮತ್ತೆ ಇಪ್ಪತ್ತೆರಡು ಡಿಗ್ರಿ. ಕಂಟ್ರೋಲ್ ರೂಮಿನ ಬಾಗಿಲಲ್ಲೇ ನಿಂತು ಗೇಜು ನೋಡಿದಳು.

ಮುನ್ನೂರು.

ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮುನ್ನೂರಕ್ಕೆ ಮುನ್ನೂರು.

ಮ್ಯಾನೇಜರ್ ಮುಖ ಊರಗಲ ಮಾಡಿಕೊಂಡು ನಿಂತಿದ್ದ. ನೋಡಿದವರಿಗೆಲ್ಲ ಅದು ಶುಭವೇ. ನೊರೆಯಕ್ಕ ಮಾತ್ರ ಇನ್ನೊಂದು ಸಲ ಥರ್ಮಾಮೀಟರು ನೋಡಿದಳು. ಒಂದೇ ಒಂದು ತೂತು ಇಲ್ಲದ ಪೈಪಾದರೂ ಬೆಳಗಿನ ಚಳಿಗೆ ಇನ್ನೂರ ತೊಂಬತ್ತಕ್ಕೆ ಇಳಿಯಲೇಬೇಕು. ಮೊನ್ನೆ ಸಂಜೆಯ ಬಿಸಿಲಿಗೆ ತುಂಬಿದ ಮುನ್ನೂರು ಇವತ್ತಿನ ಚಳಿಯಲ್ಲೂ ಮುನ್ನೂರಾಗಿ ನಿಂತಿದೆ ಅಂದರೆ ಯಾರೋ ಈಗಷ್ಟೇ, ಇವತ್ತು ಬೆಳಿಗ್ಗೆ, ಸಿಲಿಂಡರಿನಿಂದ ಗಾಳಿ ಸೇರಿಸಿದ್ದಾರೆ. ಅವಸರದಲ್ಲಿ ಚಳಿಯ ಹತ್ತು ಪೌಂಡು ಕಳೆಯುವುದನ್ನೇ ಮರೆತಿದ್ದಾರೆ. ಅನ್ನದ ತಟ್ಟೆಯ ಮುಂದೆ ಕೂರಿಸಿ ಹೇಳಿಕೊಟ್ಟದ್ದನ್ನು ಮರೆತಿದ್ದಾರೆ.

ಸಿಲಿಂಡರಿನ ಹತ್ತಿರ ಹೋದಳು. ಮೊನ್ನೆ ಬಿಚ್ಚಿಟ್ಟಿದ್ದ ಕೊಳವೆ ಮತ್ತೆ ಸಿಕ್ಕಿಸಿಕೊಂಡೇ ಇತ್ತು. ಹೊರಗೆ ಟೀ ಕುಡಿಯುತ್ತಿದ್ದ ವೆಲ್ಡರ್‌ನನ್ನು ಕೇಳಿದಳು.

“ನಿನ್ನೆ ಹಾಲ್‌ನ ಮೇಲೆ ಹತ್ತಿದ್ರಾ ಅಣ್ಣ?”

“ನಾನಾ? ನಿನ್ನೆ ಇಡೀ ದಿನ ಗೇಟಿಗೆ ಬೆಸುಗೆ ಹಾಕ್ತಿದ್ದೆನಲ್ಲಮ್ಮ. ದೊಡ್ಡವರ ಕಾರು ಬರೋಕೆ ಅಗಲ ಮಾಡಿ ಅಂದ್ರು.”

ಅವಳು ಏಣಿ ಹತ್ತಿದಳು. ಬಿಚ್ಚಿದ್ದ ತಗಡನ್ನು ಮತ್ತೆ ಮುಚ್ಚಿ ಹೊಸ ಟೇಪು ಸುತ್ತಿದ್ದರು, ಚೆನ್ನಾಗಿ, ನಾಲ್ಕು ಸುತ್ತು. ಕಿತ್ತಳು. ಸೋಪು ಹಚ್ಚುವ ಅಗತ್ಯವೂ ಇರಲಿಲ್ಲ. ನಿನ್ನೆಯ ಒದ್ದೆ ಇನ್ನೂ ಆರಿರಲಿಲ್ಲ. ಗುಳ್ಳೆ ಏಳುತ್ತಿತ್ತು.

ಅಲ್ಲೇ ಸ್ವಲ್ಪ ಹೊತ್ತು ಮಲಗಿದಳು. ಅಳು ಬರಲಿಲ್ಲ. ಈ ತಮ್ಮನಿಗೆ ಜ್ವರ ಬಂದಾಗ ಹೊತ್ತು ಓಡಿದ್ದು, ಇವನ ಬೂಟಿಗೆ ಅಂತ ತಾನು ಎರಡು ವರ್ಷ ಬರಿಗಾಲಲ್ಲಿ ನಡೆದದ್ದು, ಎಲ್ಲ ಒಟ್ಟಿಗೆ ಬಂದು ಗಂಟಲಲ್ಲಿ ಕೂತಿತು. ಸುಟ್ಟ ಗಂಟಲು. ಇವನೇ ಕೂತು ಕಾಯ್ದ ಗಂಟಲು. ಗೊತ್ತಿಲ್ಲದವನು ಮಾಡಿದ್ದರೆ ಸಹಿಸಬಹುದಿತ್ತು. ಇವನು ಎಲ್ಲ ಗೊತ್ತಿದ್ದೂ ಮಾಡಿದ.

ಕೆಳಗಿಳಿದಾಗ ತಮ್ಮನೇ ಎದುರು ಬಂದ. ಕೈಯಲ್ಲಿ ಟೆಸ್ಟ್ ಪುಸ್ತಕ. ಅವನ ಮುಖದಲ್ಲಿ ನಗು ಇತ್ತು.

“ಅಕ್ಕ, ಇಲ್ನೋಡು. ಮ್ಯಾನೇಜರ್ ಹತ್ರ ಜಗಳ ಆಡಿ ಒಪ್ಪಿಸಿದ್ದೀನಿ.”

ಪುಸ್ತಕ ತೆರೆದು ತೋರಿಸಿದ. ಒತ್ತಡ ಮುನ್ನೂರು, ಒಂದು ದಿನದ ನಂತರ ಮುನ್ನೂರು. ಸೋರಿಕೆ ಇಲ್ಲ. ಕೆಳಗೆ ‘ಪರೀಕ್ಷೆ ಮಾಡಿದವರು’ ಅನ್ನುವ ಜಾಗದಲ್ಲಿ ಅವಳ ಹೆಸರು. ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಹನ್ನೊಂದು ವರ್ಷ ಕೇಳಿ ಸಿಗದ ಜಾಗದಲ್ಲಿ, ತಮ್ಮನ ದುಂಡನೆಯ ಅಕ್ಷರದಲ್ಲಿ.

“ಇಲ್ಲಿ ಒಂದು ಸಹಿ ಹಾಕು. ಮುಂದಿನ ತಿಂಗಳಿಂದ ಹಾಜರಿ ಪುಸ್ತಕದಲ್ಲೂ ಟೆಸ್ಟರ್ ಅಂತಾನೇ ಬರುತ್ತೆ.”

ಅವಳು ಓದಿದಳು. ಮತ್ತೊಂದು ಸಲ ಓದಿದಳು.

“ನಾಳೆ ಗ್ಯಾಸು ಬಂದು ಯಾರಾದ್ರೂ ಸತ್ರೆ ಪೊಲೀಸರು ಮೊದಲು ಯಾವ ಹೆಸರು ಓದ್ತಾರೆ?”

“ಯಾಕೆ ಕೆಟ್ಟದ್ದೇ ಮಾತಾಡ್ತೀಯ. ಸೂಜಿ ಮೊನೆಯಷ್ಟು ತೂತು. ಉದ್ಘಾಟನೆ ಮುಗೀಲಿ, ಒಂದು ವಾರಕ್ಕೆ ನಾನೇ ನಿಲ್ಲಿಸಿ ಸರಿ ಮಾಡಿಸ್ತೀನಿ.”

“ಕೇಳಿದ್ದಕ್ಕೆ ಹೇಳು. ಯಾವ ಹೆಸರು?”

ಅವನು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದ.

“ನನಗೆ ಹೆಂಡತಿ ಇದ್ದಾಳೆ ಅಕ್ಕ. ನಾಳೆ ಮಗು ಬರುತ್ತೆ. ನಿನಗಾದ್ರೆ ಯಾರಿದ್ದಾರೆ?”

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಅವನಿಗೆ ಉಸಿರು ಬಂತು. ಅವಳು ತನ್ನ ಹೆಸರಿನ ಮೇಲೆ ಗೀಟು ಎಳೆದಳು. ಒಂದಲ್ಲ, ಕಾಗದ ಹರಿಯುವ ತನಕ.

ಮ್ಯಾನೇಜರ್ ಬಂದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಏಳನೇ ಬೆಸುಗೆ ಸೋರುತ್ತಿದೆ. ಬೆಳಿಗ್ಗೆ ಗಾಳಿ ಸೇರಿಸಿದ್ದಾರೆ. ಬೆಸುಗೆ ಹಾಕಿಸಿ, ಮತ್ತೆ ಒಂದು ದಿನ ನಿಲ್ಲಿಸಿ. ಆಮೇಲೆ ಪೈಪಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಹಾಲ್ ಖಾಲಿ ಮಾಡಿಸಿ, ಬಾಗಿಲು ತೆರೆದಿಟ್ಟು, ಅಮೋನಿಯಾ ಒಂದು ಗುಟುಕು ಮಾತ್ರ ಬಿಡಿ. ಗಂಧಕದ ಬತ್ತಿ ಹಚ್ಚಿ ನಾನೇ ಬೆಸುಗೆ ಬೆಸುಗೆಗೂ ಹಿಡಿದು ನೋಡುತ್ತೇನೆ. ಅಮೋನಿಯಾ ಸೋರಿದರೆ ಬತ್ತಿಯ ಹತ್ತಿರ ಬಿಳಿ ಹೊಗೆ ಏಳುತ್ತದೆ, ಏಳದಿದ್ದರೆ ಆಗ ಶುರು ಮಾಡಿ. ಅವಳ ಗಂಟಲಿಗೆ ಅಷ್ಟು ಮಾತು ಅದೇ ಮೊದಲು.

ಮ್ಯಾನೇಜರ್ ಅವಳ ಮಾತು ಕೇಳಲಿಲ್ಲ, ತಮ್ಮನ ಕಡೆ ನೋಡಿದ. “ಏನಯ್ಯಾ? ಸೋರುತ್ತಾ?”

ಈಗಾದರೂ ಹೇಳುತ್ತಾನೆ ಅಂದುಕೊಂಡಳು. ಗೀಟು ಎಳೆದ ಮೇಲೂ ಅಂದುಕೊಂಡಳು, ನೋಡಿ.

“ಇಲ್ಲ ಸಾರ್,” ಅಂದ ತಮ್ಮ. “ಮೊದಲಿಂದಲೂ ಹೆಸರಿಗಾಗಿ ಹಟ ಇವಳಿಗೆ. ನಾನೇ ಸಹಿ ಹಾಕ್ತೀನಿ.”

ಹಾಕಿದ. ಹೊಸ ಹಾಳೆಯಲ್ಲಿ, ತನ್ನ ಹೆಸರಲ್ಲಿ. ಅವಳ ಬಕೆಟ್ಟನ್ನು ಕಾವಲುಗಾರ ಗೇಟಿನಾಚೆ ತಂದಿಟ್ಟ. ಅವಳನ್ನೂ ಹಾಗೆಯೇ ಹೊರಗೆ ಹಾಕಿದರು.

ಮರುದಿನ ಬೆಳಿಗ್ಗೆ ಗೇಟಿಗೆ ಹೂವು ಕಟ್ಟಿದ್ದರು. ಕಾರುಗಳು ಮುಂದಿನಿಂದ ಹೋದವು. ಹೆಚ್ಚುವ ಹೆಂಗಸರು ಹಿಂದಿನ ಗೇಟಿನಲ್ಲಿ ಸಾಲು ನಿಂತಿದ್ದರು. ನೊರೆಯಕ್ಕ ಉದ್ದಕ್ಕನ ಹತ್ತಿರ ಹೋಗಿ ಎಲ್ಲ ಹೇಳಿದಳು. ಉದ್ದಕ್ಕ ಅವಳ ಕೈಯ ಬಟ್ಟೆಯನ್ನೇ ನೋಡುತ್ತ ಕೇಳಿಸಿಕೊಂಡಳು. ಆಮೇಲೆ ತನ್ನ ಚೀಲದಿಂದ ಇನ್ನೊಂದು ಏಪ್ರನ್ನು, ಟೋಪಿ ತೆಗೆದು ಕೊಟ್ಟಳು. ಟೋಪಿ ಹಾಕಿದ ಹೆಂಗಸರ ಮುಖವನ್ನು ಯಾವ ಕಾವಲುಗಾರ ನೋಡುತ್ತಾನೆ? ಒಳಗೆ ಹೋದಳು.

ಹಾಲ್‌ನಲ್ಲಿ ಮೇಜುಗಳ ಮೇಲೆ ಬಟಾಣಿ ಸುರಿದಿತ್ತು. ಹೆಂಗಸರು ಒಳಬಂದ ಮೇಲೆ ಹಿಂದಿನ ಬಾಗಿಲಿಗೆ ಅಗುಳಿ ಬಿದ್ದ ಸದ್ದು ಕೇಳಿತು. ಯಂತ್ರದ ಕೋಣೆಯ ಟ್ಯಾಂಕಿನಲ್ಲಿ ಅಮೋನಿಯಾ ತುಂಬಿ ನಿಂತಿತ್ತು. ಮುಖ್ಯ ವಾಲ್ವು ತಿರುಗಿಸಿದರೆ ಅದು ಈ ಚಾವಣಿಯ ಪೈಪಿಗೆ ನುಗ್ಗುತ್ತದೆ. ಅತಿಥಿಗಳು ರಿಬ್ಬನ್ನಿನ ಹತ್ತಿರ ನಿಂತಿದ್ದರು. ಮ್ಯಾನೇಜರ್, ಅವನ ಹಿಂದೆ ತಮ್ಮ, ಮುಂದಿನ ಬಾಗಿಲಿನಲ್ಲಿ ಬಂದು ನಿಂತರು.

“ಎಲ್ಲರೂ ನಗ್ತಾ ಕೆಲಸ ಮಾಡ್ಬೇಕು. ಫೋಟೋ ತೆಗೀತಾರೆ,” ಅಂದ ಮ್ಯಾನೇಜರ್. “ನೀನು ಹೋಗಯ್ಯಾ, ವಾಲ್ವು ತಿರುಗಿಸು.”

ನೊರೆಯಕ್ಕ ಟೋಪಿ ತೆಗೆದಳು. ಮೂರನೇ ಮೇಜಿನ ಹತ್ತಿರ ಬಂದು ನಿಂತಳು.

“ನನ್ನ ತಲೆ ಮೇಲೆ ಪೈಪು ಸೋರ್ತಿದೆ,” ಅಂದಳು. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಉದ್ದಕ್ಕ ಪಕ್ಕ ಬಂದು ನಿಂತು ಅದನ್ನೇ ಗಟ್ಟಿಯಾಗಿ ಹೇಳಿದಳು. “ಅವಳ ತಲೆ ಮೇಲೆ ಪೈಪು ಸೋರ್ತಿದೆಯಂತೆ ಕಣ್ರವ್ವಾ.”

“ನಿನ್ನೆ ಗಾಳಿ ಸೋರ್ತಿತ್ತು. ಈಗ ಬರೋದು ಅಮೋನಿಯಾ.” ಉದ್ದಕ್ಕ ಅದನ್ನೂ ಹೇಳಿದಳು. “ಅದು ನಮ್ಮ ಮೈಯಲ್ಲಿ ಒದ್ದೆ ಎಲ್ಲಿದೆ ಅಂತ ಹುಡುಕುತ್ತೆ. ಕಣ್ಣು. ಬಾಯಿ. ಗಂಟಲು. ನನ್ನ ಗಂಟಲನ್ನ ಹಂಗೇ ತಿಂದಿದ್ದು. ಹಿಂದಿನ ಬಾಗಿಲಿಗೆ ಅಗುಳಿ ಹಾಕಿದ್ದಾರೆ. ಈ ನಲ್ಲೀಲಿ ನೀರಿಲ್ಲ, ತಿರುಗಿಸಿ ನೋಡಿ.”

ಒಬ್ಬಳು ತಿರುಗಿಸಿದಳು. ನಲ್ಲಿ ಕಿರ್ರೆಂದಿತು, ಅಷ್ಟೆ.

“ಇವಳನ್ನ ಯಾರು ಒಳಗೆ ಬಿಟ್ಟಿದ್ದು?” ಮ್ಯಾನೇಜರ್ ಹಲ್ಲು ಕಚ್ಚಿದ. “ನೋಡಿ, ಇವಳು ನೆಲ ಒರೆಸೋಳು. ಕೆಲಸದಿಂದ ತೆಗೆದಿದ್ದಕ್ಕೆ ಹೊಟ್ಟೆಕಿಚ್ಚು. ಸೂಪರ್‌ವೈಸರ್ ಇಲ್ಲೇ ಇದ್ದಾನೆ, ಕೇಳಿ. ಹೇಳಯ್ಯಾ.”

“ಸೋರ್ತಿಲ್ಲ,” ಅಂದ ತಮ್ಮ. “ಟೆಸ್ಟ್ ಆಗಿದೆ. ನಾನೇ ಸಹಿ ಹಾಕಿದ್ದೀನಿ.”

ಹೆಂಗಸರು ಅವನನ್ನು ನೋಡಿದರು, ಇವಳನ್ನು ನೋಡಿದರು. ಒಬ್ಬ ಸರ್ಟಿಫಿಕೇಟಿನವನು, ಒಬ್ಬಳು ಕೈಗೆ ಚಿಂದಿ ಸುತ್ತಿಕೊಂಡವಳು. ಅವರಿಗೂ ಮನೆಯಲ್ಲಿ ಒಲೆ ಉರಿಯಬೇಕು. ಯಾರೂ ಕದಲಲಿಲ್ಲ. ಇಬ್ಬರು ಮತ್ತೆ ಬಟಾಣಿಗೆ ಕೈ ಹಾಕಿದರು.

ನೊರೆಯಕ್ಕ ತಮ್ಮನನ್ನೇ ನೋಡುತ್ತಿದ್ದಳು.

“ಸರಿ ಕಣೋ. ಸೋರ್ತಿಲ್ಲ ಅಲ್ವಾ. ವಾಲ್ವನ್ನ ಬೇರೆ ಯಾರಾದ್ರೂ ತಿರುಗಿಸ್ಲಿ. ನೀನು ಬಂದು ಇಲ್ಲಿ ನಿಂತ್ಕೋ, ನನ್ನ ಪಕ್ಕ. ಈ ಬೆಸುಗೆ ಕೆಳಗೆ.”

ಉದ್ದಕ್ಕ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಹಾಲ್ ಅಷ್ಟು ನಿಶ್ಶಬ್ದವಾಗಿತ್ತು.

“ಹತ್ತು ನಿಮಿಷ ಸಾಕು. ಆಮೇಲೆ ನಾನೇ ಇವರಿಗೆಲ್ಲ ಹೇಳ್ತೀನಿ, ನಾನು ಸುಳ್ಳಿ, ನೀವು ಕೆಲಸ ಮಾಡಿ ಅಂತ. ನಿನ್ನ ಕಾಲಿಗೂ ಬೀಳ್ತೀನಿ. ಬಾ.”

“ಹೋಗಯ್ಯಾ, ನಿಂತು ತೋರಿಸು,” ಅಂದ ಮ್ಯಾನೇಜರ್. “ಅತಿಥಿಗಳು ಕಾಯ್ತಿದ್ದಾರೆ.”

ತಮ್ಮ ಚಾವಣಿ ನೋಡಿದ. ಮೂರನೇ ಮೇಜಿನಿಂದ ಬಾಗಿಲಿಗೆ ಎಷ್ಟು ದೂರ ಅಂತ ಅವನ ಕಣ್ಣು ಅಳೆಯಿತು.

“ಬಾರೋ,” ಅಂದಳು ಅವಳು. “ನಾನಿದ್ದೀನಲ್ಲ.”

ಅವನು ಒಂದು ಹೆಜ್ಜೆ ಇಟ್ಟ. ಹಿಂದಕ್ಕೆ.

ಮೂವತ್ತೆರಡು ಹೆಂಗಸರು ಆ ಹೆಜ್ಜೆಯನ್ನು ನೋಡಿದರು. ಪುಸ್ತಕ ಓದಲು ಬಾರದವರಿಗೂ ಅದು ಓದಲು ಬಂತು. ಉದ್ದಕ್ಕ ಏಪ್ರನ್ನಿನ ಗಂಟು ಬಿಚ್ಚಿ ಬಟಾಣಿಯ ರಾಶಿಯ ಮೇಲೆ ಎಸೆದಳು. ಆಮೇಲೆ ಇನ್ನೊಬ್ಬಳು. ಬಟಾಣಿಗೆ ಕೈ ಹಾಕಿದ್ದ ಇಬ್ಬರೂ ಕೈ ಒರೆಸಿಕೊಂಡರು. ಮ್ಯಾನೇಜರ್ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತ. ಅವನ ತೋಳಿನ ಅಡಿಯಿಂದ, ಪಕ್ಕದಿಂದ, ರಿಬ್ಬನ್ನಿನ ಆಚೆ ಬಾಯಿ ತೆರೆದು ನಿಂತಿದ್ದ ಅತಿಥಿಗಳ ನಡುವಿನಿಂದ ಅವರು ಹೊರಗೆ ಹೋದರು. ಯಾರೂ ಘೋಷಣೆ ಕೂಗಲಿಲ್ಲ. ಅಂಗಳದಲ್ಲಿ ಕಾರುಗಳ ಪಕ್ಕ ಸಾಲಾಗಿ ಕೂತರು.

ಹಾಲ್ ಖಾಲಿಯಾದ ಮೇಲೆ ನೊರೆಯಕ್ಕ ಮೂರನೇ ಮೇಜಿನಿಂದ ಕದಲಿದಳು. ಬಾಗಿಲಲ್ಲಿ ತಮ್ಮ ಗೋಡೆಗೆ ಒರಗಿ ನಿಂತಿದ್ದ. ಅವನ ತುಟಿ ಒಣಗಿತ್ತು.

“ಅಕ್ಕ, ನನ್ನ ಬಾಳು ಹಾಳು ಮಾಡ್ಬಿಟ್ಟೆ.”

ಅವಳು ಅವನ ಮುಂದೆ ನಿಂತಳು. ಹೊಡೆಯುತ್ತಾಳೆ ಅಂತ ಅವನು ಕಣ್ಣು ಮುಚ್ಚಿದ.

“ಹೋಗಿ ವೆಲ್ಡರ್‌ನ ಕರಿ,” ಅಂದಳು.

ಅದು ಅವಳು ತಮ್ಮನೊಂದಿಗೆ ಆಡಿದ ಕೊನೆಯ ಮಾತು.